ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತಿತ್ತು

ಹಾಲಿನ ಡೇರಿಯೊಂದರ ಕಾರ್ಯದರ್ಶಿಯ ಮೇಲೆ ಸುಳ್ಳು ಲೆಕ್ಕ ಬರೆದ ಆರೋಪ ಬಂತು. ಆರೋಪದ ಬೇರು ಕೊನೆಗೆ ಸಿಕ್ಕಿದ್ದು ಮೆಮೊರಿ ಕಾರ್ಡಿಗೆ ವಿದ್ಯುತ್ ಕೊಡುವ ರೆಗ್ಯುಲೇಟರಿನ ಬಗ್ಗೆ ಯಾರೋ ಬರೆದಿಟ್ಟ ಒಂದು ಸಾಲಿನಲ್ಲಿ. ಬೇರು ಸಿಕ್ಕ ಮೇಲೂ ಆ ಮನುಷ್ಯ ಪೂರ್ತಿ ನಿರ್ದೋಷಿಯಾಗಿ ಹೊರಬರಲಿಲ್ಲ, ಬರುವುದು ನ್ಯಾಯವೂ ಆಗಿರಲಿಲ್ಲ. ಇದು ನಡೆದದ್ದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೈಲಕುಪ್ಪೆಗೆ ಹತ್ತಿರದ ಒಂದು ಊರಿನಲ್ಲಿ, ಕೆಲವು ವರ್ಷಗಳ ಹಿಂದೆ. ಊರಿನ ಹೆಸರು, ಸಂಘದ ಹೆಸರು, ಯಂತ್ರ ಮಾಡಿದ ಕಂಪನಿಯ ಹೆಸರು ಇಲ್ಲಿ ಬರುವುದಿಲ್ಲ. ಹೆಸರು ಕೊಟ್ಟರೆ ಓದುವವರು ತಪ್ಪನ್ನೆಲ್ಲ ಆ ಹೆಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಅಷ್ಟು ಅಗ್ಗದಲ್ಲಿ ಮುಗಿಯುವ ಪ್ರಕರಣ ಇದಲ್ಲ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಈ ಭಾಗ ವರ್ಜೀನಿಯಾ ಹೊಗೆಸೊಪ್ಪಿನ ಸೀಮೆ. ಹೊಗೆಸೊಪ್ಪಿನ ದುಡ್ಡು ಹರಾಜಾದ ಮೇಲೆ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಬಂದದ್ದು ಸೊಪ್ಪು ಹದಮಾಡುವ ಬ್ಯಾರನ್ನಿನ ಸೌದೆಗೆ, ಗೊಬ್ಬರದ ಸಾಲಕ್ಕೆ, ಮನೆಯ ಮದುವೆಗೆ ಹರಿದುಹೋಗುತ್ತದೆ. ಉಪ್ಪು ಎಣ್ಣೆ, ಮಕ್ಕಳ ಬಸ್ ಚಾರ್ಜು, ಮುದುಕರ ಮಾತ್ರೆ ನಡೆಯುವುದು ಹಾಲಿನ ಬಟವಾಡೆಯಿಂದ. ಹಾಲು ಹಾಕುವ ಹೆಣ್ಣುಮಕ್ಕಳಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) 8.5 ಎಂಬ ಎರಡು ಅಂಕಿಗಳು ಮನೆದೇವರ ಹೆಸರಿನಷ್ಟೇ ಗೊತ್ತು. ಅದಕ್ಕಿಂತ ಕೆಳಗಿಳಿದರೆ ದರ ಇಳಿಯುತ್ತದೆ. ಸರ್ಕಾರದ ಪ್ರೋತ್ಸಾಹಧನವೂ ದಾಖಲಾದ ಲೀಟರಿನ ಲೆಕ್ಕದಲ್ಲೇ ಬರುವುದರಿಂದ, ಒಂದು ಹೊತ್ತಿನ ಹಾಲು ಲೆಕ್ಕದಲ್ಲಿ ಕಾಣದಿದ್ದರೆ ಮನೆಯವರಿಗೆ ಎರಡು ಕಡೆಯಿಂದ ನಷ್ಟ.

ಕಾರ್ಯದರ್ಶಿ ಇಪ್ಪತ್ತು ವರ್ಷಕ್ಕೂ ಮೀರಿದ ಅನುಭವಸ್ಥರು. ಗಂಧಕಾಮ್ಲ ಹಾಕಿ, ಬ್ಯುಟಿರೋಮೀಟರ್ ತಿರುಗಿಸಿ ಫ್ಯಾಟ್ ನೋಡುತ್ತಿದ್ದ ಕಾಲದಿಂದ ಅದೇ ಕೋಣೆಯಲ್ಲಿ ಕುಳಿತವರು. ಆಮ್ಲ ಸಿಡಿದ ಕಲೆ ಅವರ ಮುಂಗೈ ಮೇಲಿದೆ. ಆ ಕಾಲದಲ್ಲಿ ಲೆಕ್ಕವೆಲ್ಲ ಕೈಬರಹದ ಪುಸ್ತಕದಲ್ಲಿ. ಕೈಬರಹದ ಪುಸ್ತಕಗಳಲ್ಲಿ ಏನೇನು ನಡೆಯುತ್ತಿತ್ತು ಎಂಬುದು ಹಳ್ಳಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಬೇಕಾದವರಿಗೆ ಎರಡು ಪಾಯಿಂಟ್ ಹೆಚ್ಚು, ಬೇಡದವರಿಗೆ ಎರಡು ಕಮ್ಮಿ, ಹಸುವೇ ಇಲ್ಲದ ಮನೆಯ ಹೆಸರಲ್ಲಿ ಐದು ಲೀಟರು. ಆದ್ದರಿಂದ ಸ್ವಯಂಚಾಲಿತ ಯಂತ್ರ ಬಂದಾಗ ಅದರೊಂದಿಗೆ ಬಂದ ನಿಯಮ ಸಕಾರಣವಾಗಿಯೇ ಇತ್ತು. ಯಂತ್ರದ ದಾಖಲೆಯೇ ಅಂತಿಮ. ಬೇರೆ ಕೈಬರಹದ ಪುಸ್ತಕ ಇಡತಕ್ಕದ್ದಲ್ಲ. ಮೋಸವನ್ನು ತಡೆಯಲೆಂದು ಮಾಡಿದ ನಿಯಮ ಸಾಕ್ಷಿಯನ್ನೂ ತಡೆಯಬಲ್ಲದು ಎಂದು ಅದನ್ನು ಬರೆದವರಿಗೆ ಹೊಳೆದಿರಲಿಕ್ಕಿಲ್ಲ.

ಯಂತ್ರವೆಂದರೆ ತೂಕದ ತಟ್ಟೆ, ಹಾಲು ಪರೀಕ್ಷಿಸುವ ಘಟಕ, ಚೀಟಿ ಮುದ್ರಿಸುವ ಪ್ರಿಂಟರು, ಇವನ್ನೆಲ್ಲ ಆಳುವ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಲಿನಕ್ಸ್ ಓಡುವ ಅಂಗೈಯಗಲದ ಬೋರ್ಡು, ಕರೆಂಟು ಹೋದಾಗ ಆಸರೆಯಾಗಲು ಬ್ಯಾಟರಿ, ಪಕ್ಕದಲ್ಲಿ ಉಗುರಿನಗಲದ ಮೆಮೊರಿ ಕಾರ್ಡು. ಪ್ರತಿ ಸದಸ್ಯರ ಹಾಲಿನ ವಿವರ ಆ ಕಾರ್ಡಿನ ಮೇಲೆ ಒಂದು ಸಾಲಾಗಿ ಕೂರುತ್ತದೆ. ಬಟವಾಡೆಯ ಮುಂಚೆ ಕಾರ್ಡಿನಿಂದ ಲೆಕ್ಕ ಇಳಿಸಿಕೊಳ್ಳುತ್ತಾರೆ.

ಮೊದಲ ಕೆಲವು ತಿಂಗಳು ಏನೂ ತೊಂದರೆಯಾಗಲಿಲ್ಲ. ಮಳೆಗಾಲ ಹಿಡಿದ ಮೇಲೆ ಶುರುವಾಯಿತು. ಪಂಪ್‌ಸೆಟ್ಟಿನ ಊರುಗಳಲ್ಲಿ ಸಿಂಗಲ್ ಫೇಸಿನಿಂದ ತ್ರೀ ಫೇಸಿಗೆ ಬದಲಾಯಿಸುವಾಗ ಕರೆಂಟು ಒಂದು ಕಣ್ಣು ಮಿಟುಕಿಸುತ್ತದೆ. ಗಾಳಿಮಳೆಯ ದಿನ ಹತ್ತು ಸಲ ಮಿಟುಕಿಸುತ್ತದೆ. ಹಾಗಾದಾಗ ಪೆಟ್ಟಿಗೆ ಒಮ್ಮೊಮ್ಮೆ ತನ್ನಷ್ಟಕ್ಕೆ ಮರುಚಾಲನೆಗೊಳ್ಳುತ್ತಿತ್ತು. ಎದ್ದ ಮೇಲೆ ತೂಕ ಸರಿ, ಫ್ಯಾಟ್ ಸರಿ, ಚೀಟಿಯೂ ಎಂದಿನಂತೆ ಬರುತ್ತಿತ್ತು. ಪರದೆಯ ಮೂಲೆಯಲ್ಲಿ ಕಾರ್ಡಿನ ಗುರುತು ಮಾತ್ರ ಇರುತ್ತಿರಲಿಲ್ಲ. ಸಾಲಿನಲ್ಲಿ ಎಂಬತ್ತು ಜನ ಕ್ಯಾನು ಹಿಡಿದು ನಿಂತಿರುವಾಗ ಆ ಮೂಲೆಯನ್ನು ಯಾರು ನೋಡುತ್ತಾರೆ? ಹಾಲು ಅಳೆದು ಮುಗಿಸಿ ಸ್ವಿಚ್ ಆರಿಸಿದ ಕ್ಷಣ, ಮರುಚಾಲನೆಯಾದಾಗಿನಿಂದ ಅಲ್ಲಿಯವರೆಗಿನ ಲೆಕ್ಕವೆಲ್ಲ ಅಳಿದುಹೋಗುತ್ತಿತ್ತು. ಅದು ಕಾರ್ಡಿಗೆ ಇಳಿದೇ ಇರಲಿಲ್ಲ.

ಕಾರ್ಯದರ್ಶಿ ಕಂಪನಿಗೆ ಫೋನ್ ಮಾಡಿದರು. ಸರ್ವಿಸಿನ ಹುಡುಗ ಬೈಕಿನಲ್ಲಿ ಬಂದು ನೋಡಿದ. ಹಲವು ತಾಲ್ಲೂಕುಗಳನ್ನು ಒಬ್ಬನೇ ಸುತ್ತುವವನು. ಹೆಚ್ಚು ಹೊತ್ತು ನಿಲ್ಲಲಾರ. ಕಾರ್ಡು ಹೊರಗೆ ತೆಗೆದು ಅದರ ಹಳದಿ ಕಾಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜಿ, ಮತ್ತೆ ಹಾಕಿ, ಪೆಟ್ಟಿಗೆ ಚಾಲೂ ಮಾಡಿದ. ಕಾರ್ಡಿನ ಗುರುತು ಬಂತು. "ಮಸಿ ಹಿಡಿದಿತ್ತು ಸಾರ್, ಹಿಂಗಾದಾಗೆಲ್ಲ ನೀವೇ ಉಜ್ಜಿ ಹಾಕ್ಕೊಳ್ಳಿ" ಎಂದು ಹೇಳಿ ಹೊರಟ. ಅಂದಿನಿಂದ ಒಂದು ರಬ್ಬರು ದಾರದಲ್ಲಿ ಪೆಟ್ಟಿಗೆಗೆ ಕಟ್ಟಿಕೊಂಡು ನೇತಾಡತೊಡಗಿತು. ಉಜ್ಜಿದಾಗಲೆಲ್ಲ ಸರಿಹೋಗುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಔಷಧ ತಪ್ಪದೆ ಫಲಿಸುತ್ತಿರುವಾಗ ರೋಗ ಬೇರೆ ಇರಬಹುದೆಂದು ಯಾರಿಗೆ ತಾನೇ ಅನುಮಾನ ಬಂದೀತು?

ಈಗ ಕಾರ್ಯದರ್ಶಿಯ ತಪ್ಪಿಗೆ ಬರೋಣ. ಅದನ್ನು ಮೆತ್ತಗೆ ಮಾಡಿ ಹೇಳುವುದು ಅವರಿಗೂ ಗೌರವವಲ್ಲ.

ಕಳೆದುಹೋದ ಹೊತ್ತುಗಳ ಲೆಕ್ಕವನ್ನು ಅವರು ಮತ್ತೆ ತುಂಬಿಸಿದರು. ಯಂತ್ರ ಕೆಟ್ಟ ದಿನಗಳಿಗೆಂದು ಗುಪ್ತಪದ ಹಾಕಿ ಕೈಯಾರೆ ನಮೂದಿಸುವ ಸೌಲಭ್ಯ ಪೆಟ್ಟಿಗೆಯಲ್ಲೇ ಇತ್ತು. ಚೀಟಿ ಇಟ್ಟುಕೊಂಡಿದ್ದವರಿಂದ ಚೀಟಿ ತರಿಸಿ ಹಾಗೆಯೇ ನಮೂದಿಸಿದರು. ಬಹಳ ಜನರ ಹತ್ತಿರ ಚೀಟಿ ಇರಲಿಲ್ಲ, ಇದ್ದವರ ಚೀಟಿ ಓದಲಾಗುತ್ತಿರಲಿಲ್ಲ. ಶಾಖಕ್ಕೆ ಕಪ್ಪಾಗುವ ಆ ಕಾಗದದ ಅಕ್ಷರ ಬಿಸಿಲಿಗೆ, ಬೆವರಿಗೆ, ಎಣ್ಣೆಗೈಗೆ ಕೆಲವೇ ವಾರದಲ್ಲಿ ಮಾಸುತ್ತದೆ. ಅಂಥವರಿಗೆ ಹಿಂದಿನ ಕೆಲವು ದಿನಗಳ ಸರಾಸರಿ ಹಾಕಿದರು. ಯಾರಿಗೂ ಅನ್ಯಾಯವಾಗಬಾರದೆಂದು ಸರಾಸರಿಯನ್ನು ಒಂದು ಚೂರು ಮೇಲಕ್ಕೇ ಹಿಡಿದರು. ಹಾಗೆ ಹಿಡಿದವರ ಪಟ್ಟಿಯಲ್ಲಿ ಅವರ ಹೆಂಡತಿಯ ಹೆಸರೂ ಇತ್ತು. ಆಕೆಯೂ ಸಂಘದ ಸದಸ್ಯೆ, ದಿನಾ ಹಾಲು ಹಾಕುವವರು. ಇಷ್ಟೆಲ್ಲವನ್ನು ಅವರು ಸಂಘದ ಅಧ್ಯಕ್ಷರಿಗೆ ಬಾಯಲ್ಲಿ ಹೇಳಿದ್ದರು. ಆಡಳಿತ ಮಂಡಳಿಯ ಮುಂದೆ ಇಡಲಿಲ್ಲ, ಒಂದು ಕಾಗದ ಬರೆಯಲಿಲ್ಲ.

ಸರಾಸರಿ ಹಾಕುವುದು ಸುಳ್ಳೇ? ಮನಸ್ಸಿನಲ್ಲಿ ಸುಳ್ಳಿಲ್ಲ ನಿಜ. ಆದರೆ ಅಳೆದದ್ದು ಮತ್ತು ಊಹಿಸಿದ್ದು ಒಂದೇ ಪಟ್ಟಿಯಲ್ಲಿ, ಒಂದೇ ಅಕ್ಷರದಲ್ಲಿ, ಯಾವ ಗುರುತೂ ಇಲ್ಲದೆ ಅಕ್ಕಪಕ್ಕ ಕುಳಿತ ಮೇಲೆ ಆ ಪಟ್ಟಿಯನ್ನು ನಂಬಲು ಯಾರಿಗೂ ಆಧಾರವಿರುವುದಿಲ್ಲ. ಇಪ್ಪತ್ತು ವರ್ಷ ಲೆಕ್ಕ ಬರೆದವರಿಗೆ ಇದು ತಿಳಿಯದ ವಿಷಯವಲ್ಲ. ಗೊಂದಲ ಬೇಡ, ನಾನೇ ಸರಿಮಾಡಿಬಿಡುತ್ತೇನೆ ಎನ್ನುವ ಒಳ್ಳೆಯತನ ಅವರನ್ನು ಹಾದಿ ತಪ್ಪಿಸಿತು. ಒಳ್ಳೆಯತನದ ಈ ಜಾತಿ ನಮ್ಮ ಕಡೆ ಬಹಳ ಇದೆ.

ಫ್ಯಾಟ್ ಕಮ್ಮಿ ಬಂದಿದ್ದಕ್ಕೆ ಮೊದಲೇ ಮುನಿದಿದ್ದ ಸದಸ್ಯನೊಬ್ಬ ದೂರು ಕೊಟ್ಟ. ಲೆಕ್ಕ ತೆಗೆಸಿದರು. ಕೈಯಾರೆ ನಮೂದಾದ ಹೊತ್ತುಗಳು ಹದಿನಾಲ್ಕು. ಶೀತಲೀಕರಣ ಘಟಕಕ್ಕೆ ಹೋದ ಹಾಲಿನ ಒಟ್ಟು ಅಳತೆಗೂ ಸದಸ್ಯರ ಹೆಸರಿನಲ್ಲಿ ಕೂಡಿಸಿದ ಅಳತೆಗೂ ಆ ಹೊತ್ತುಗಳಲ್ಲಿ ಮಾತ್ರ ತಾಳೆ ಇಲ್ಲ. ಹೆಂಡತಿಯ ಖಾತೆಯಲ್ಲಿ ಅದೇ ದಿನಗಳಲ್ಲಿ ಹೆಚ್ಚು ಹಾಲು. ವಿಚಾರಣೆ ನಡೆಸಿದ ಅಧಿಕಾರಿಗೆ ಇನ್ನೇನು ಬೇಕಿತ್ತು? ಆದರೂ ಆ ಅಧಿಕಾರಿ ಅವಸರದವರಲ್ಲ ಎಂಬುದನ್ನು ಹೇಳಲೇಬೇಕು. ಯಂತ್ರದಿಂದ ದತ್ತಾಂಶ ನಷ್ಟವಾಗುವ ಸಾಧ್ಯತೆ ಇದೆಯೇ ಎಂದು ಅವರು ಕಂಪನಿಗೆ ಲಿಖಿತವಾಗಿ ಕೇಳಿದರು. ಕಂಪನಿಯ ಉತ್ತರ ಎರಡು ಸಾಲಿನದು: ನಮ್ಮ ಪರೀಕ್ಷೆಗಳಲ್ಲಿ ಅಂಥ ದೋಷ ಕಂಡುಬಂದಿಲ್ಲ, ಕಾರ್ಡನ್ನು ಬಳಕೆದಾರರು ಸರಿಯಾಗಿ ನಿರ್ವಹಿಸಬೇಕು.

ಆ ಉತ್ತರದಲ್ಲಿ ಸುಳ್ಳೆನ್ನಬಹುದಾದ ಒಂದು ಪದವೂ ಇರಲಿಲ್ಲ. ಪರೀಕ್ಷೆಯಲ್ಲಿ ದೋಷ ಕಂಡಿರಲಿಲ್ಲ. ಯಾವ ಪರೀಕ್ಷೆ, ಯಾವ ಕಾರ್ಡು, ಹೇಗೆ ಎಂದು ಅಧಿಕಾರಿ ಕೇಳಿರಲಿಲ್ಲ, ಕಂಪನಿ ಹೇಳಲೂ ಇಲ್ಲ.

ರಾಜ್ಯದ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ 64ನೇ ಕಲಮು ವಿಚಾರಣೆಯದು. 'ಅರವತ್ತನಾಲ್ಕು ಹಾಕಿದ್ದಾರೆ' ಎಂದರೆ ಹಳ್ಳಿಯಲ್ಲಿ ಅರ್ಧ ಶಿಕ್ಷೆ ಆದಂತೆಯೇ. ಕಾರ್ಯದರ್ಶಿಯನ್ನು ಕೆಲಸದಿಂದ ದೂರವಿಟ್ಟರು. ವ್ಯತ್ಯಾಸದ ಹಣ ತುಂಬಿಕೊಡಬೇಕೆಂದಾಯಿತು. ಮೊತ್ತ ದೊಡ್ಡದೇನಲ್ಲ, ಒಂದು ಸಾಧಾರಣ ಹಸುವಿನ ಬೆಲೆಗಿಂತ ಕಡಿಮೆ. ಆದರೆ ಸರಾಸರಿಯಿಂದ ಲಾಭವಾದ ಮನೆಗಳವರೂ ಹೋಟೆಲ್ ಮುಂದೆ ಕುಳಿತು ಅವರನ್ನು ಕಳ್ಳ ಎಂದರು. ತಮಗೂ ಒಂದೆರಡು ಲೀಟರು ಹೆಚ್ಚು ಬಂದಿತ್ತೆಂದು ಅವರಲ್ಲಿ ಒಬ್ಬರೂ ಎದ್ದು ಹೇಳಲಿಲ್ಲ.

ಇನ್ನು ಪತ್ತೆಯ ಕಥೆ. ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳಿಗೆ ನಮ್ಮವರು ನಂಬರು ಹಿಡಿದೇ ಹೆಸರು ಹೇಳುತ್ತಾರೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆ ನಿಂತವರ ಮೂರನೆಯ ತಲೆಮಾರು ಈಗ ಅಲ್ಲಿ ಅಂಗಡಿ ನಡೆಸುತ್ತಿದೆ. ಅಂಥ ಒಬ್ಬ ಯುವಕ, ಡಿಪ್ಲೊಮಾ ಓದಿ, ರಸ್ತೆ ಬದಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಕಾರ್ಯದರ್ಶಿ ಅವನ ಬಳಿ ಹೋದದ್ದು ಪೆಟ್ಟಿಗೆಯ ಸಲುವಾಗಿಯಲ್ಲ, ಅಳಿದ ಲೆಕ್ಕವನ್ನು ಕಾರ್ಡಿನಿಂದ ಹೇಗಾದರೂ ಮರಳಿ ತೆಗೆಯಬಹುದೇ ಎಂದು ಕೇಳಲು. ಯುವಕ ಕಾರ್ಡು ನೋಡಿ ಏನೂ ಅಳಿದಿಲ್ಲ ಎಂದ. ಅಳಿದಿದ್ದರೆ ಕುರುಹು ಇರಬೇಕು. ಆ ಹೊತ್ತುಗಳದ್ದು ಇದರ ಮೇಲೆ ಬರೆದೇ ಇಲ್ಲ. ಹಾಗಾದರೆ ಯಂತ್ರವನ್ನೇ ನೋಡಬೇಕು ಎಂದ.

ಆಡಳಿತ ಮಂಡಳಿಯ ಒಬ್ಬರು ಒಪ್ಪಿ ಪೆಟ್ಟಿಗೆ ತೋರಿಸಿದರು. ಮರುಚಾಲನೆ ಮಾಡಿದಾಗ ಕಾರ್ಡು ಕಾಣೆಯಾಯಿತು. ಯುವಕ ಕಾರ್ಡು ತೆಗೆದ, ರಬ್ಬರು ಮುಟ್ಟಲಿಲ್ಲ, ಹಾಗೆಯೇ ಮತ್ತೆ ಹಾಕಿದ. ಬಂತು. ಇನ್ನೊಮ್ಮೆ ಅದೇ. ಆಮೇಲೆ ಮೀಟರು ತೆಗೆದುಕೊಂಡು ಕಾರ್ಡಿಗೆ ವಿದ್ಯುತ್ ಕೊಡುವ ಕಾಲಿನ ಮೇಲೆ ಮುಳ್ಳು ಇಟ್ಟು ಪೆಟ್ಟಿಗೆಯನ್ನು ಮರುಚಾಲನೆ ಮಾಡಿಸಿದ. ಪರದೆ ಆರಿ ಮತ್ತೆ ಹೊತ್ತಿಕೊಂಡಿತು, ಮೀಟರಿನ 3.3 ಅಲುಗಲಿಲ್ಲ. "ಅಣ್ಣ, ಕಾರ್ಡ್ ಕೆಟ್ಟಿಲ್ಲ. ಬೋರ್ಡ್ ಆಫ್ ಆಗಿ ಆನ್ ಆದ್ರೂ ಕಾರ್ಡಿಗೆ ಕರೆಂಟು ಹೋಗೇ ಇಲ್ಲ" ಎಂದ. ಅಂದರೆ ಇಷ್ಟು ದಿನ ಕಾಯಿಲೆ ವಾಸಿ ಮಾಡುತ್ತಿದ್ದುದು ಉಜ್ಜುವುದಲ್ಲ, ಉಜ್ಜಲೆಂದು ಕಾರ್ಡನ್ನು ಹೊರಗೆ ತೆಗೆಯುವುದು. ತೆಗೆದಾಗ ಅದಕ್ಕೆ ಕರೆಂಟು ತಪ್ಪುತ್ತಿತ್ತು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಷಯ ಬೇಕು. ತಪ್ಪು ಯಾರದೆಂಬ ಪ್ರಶ್ನೆ ಇದರೊಳಗೇ ಇದೆ. ಈ ಜಾತಿಯ ಮೆಮೊರಿ ಕಾರ್ಡು 1999ರಲ್ಲಿ ಬಂತು. ಅದಕ್ಕೆ ಎರಡು ಬಗೆಯ ವೋಲ್ಟೇಜಿನ ಸಂಬಂಧವಿದೆ: ಒಂದು ಅದು ಬದುಕಲು ಬೇಕಾದ ವಿದ್ಯುತ್, ಇನ್ನೊಂದು ಬೋರ್ಡಿನೊಂದಿಗೆ ಮಾತಾಡುವ ತಂತಿಗಳ ಮೇಲಿನ ಸಂಕೇತ. ಮೊದಲು ಎರಡೂ 3.3 ವೋಲ್ಟ್ ಆಸುಪಾಸಿನಲ್ಲಿದ್ದವು. 2010ರಲ್ಲಿ ವೇಗದ ಹೊಸ ಮಾದರಿ ಬಂತು. ಹಳೆಯ ಪದ್ಧತಿಯಲ್ಲಿ ಸೆಕೆಂಡಿಗೆ 25 ಮೆಗಾಬೈಟಿಗೆ ನಿಲ್ಲುತ್ತಿದ್ದದ್ದು ಹೊಸದರಲ್ಲಿ 104ರವರೆಗೆ ಹೋಗುತ್ತದೆ. ಆ ವೇಗಕ್ಕೆ ಸಂಕೇತದ ವೋಲ್ಟೇಜ್ 1.8ಕ್ಕೆ ಇಳಿಯಬೇಕು. ಬೋರ್ಡು ಮತ್ತು ಕಾರ್ಡು ಮೊದಲು 3.3ರಲ್ಲಿ ಮಾತಾಡಿ, ಒಪ್ಪಿಕೊಂಡು, ಇಬ್ಬರೂ ಒಟ್ಟಿಗೆ 1.8ಕ್ಕೆ ಇಳಿಯುತ್ತಾರೆ. ಒಮ್ಮೆ ಇಳಿದ ಕಾರ್ಡನ್ನು ಮಾತಿನಿಂದ ಮೇಲೆ ತರಲಾಗದು. ಅದಕ್ಕೆ ಕೊಡುವ ವಿದ್ಯುತ್ತನ್ನೇ ನಿಲ್ಲಿಸಿ, 0.5 ವೋಲ್ಟಿಗಿಂತ ಕೆಳಗೆ ಕನಿಷ್ಠ 1 ಮಿಲಿಸೆಕೆಂಡ್ ಇರಿಸಿ, ಮತ್ತೆ ಕೊಡಬೇಕು. ನಿಯಮಾವಳಿಯಲ್ಲೇ ಬರೆದಿರುವ ಮಾತು ಇದು. ಬೋರ್ಡು ಮಾತ್ರ ಮರುಚಾಲನೆಗೊಂಡು ಕಾರ್ಡಿಗೆ ವಿದ್ಯುತ್ ತಪ್ಪದಿದ್ದರೆ, ಕಾರ್ಡು ಪಿಸುಮಾತಿಗೆ ಇಳಿದೇ ಕುಳಿತಿರುತ್ತದೆ, ಬೋರ್ಡು ಎಂದಿನ ದನಿಯಲ್ಲಿ ಕೂಗುತ್ತಿರುತ್ತದೆ. ಒಬ್ಬರ ಮಾತು ಒಬ್ಬರಿಗೆ ತಲುಪದು.

ಹಾಗಾಗದಂತೆ ಕಾರ್ಡಿನ ಸ್ಲಾಟಿಗೆ ಒಂದು ರೆಗ್ಯುಲೇಟರು, ಅದನ್ನು ಆರಿಸಿ ಹೊತ್ತಿಸಲು ಬೋರ್ಡಿನಿಂದ ಒಂದು ತಂತಿ ಇಡುತ್ತಾರೆ. ಈ ಬೋರ್ಡಿನಲ್ಲೂ ಇತ್ತು. ಲಿನಕ್ಸಿನಲ್ಲಿ ಬೋರ್ಡಿನ ಅಂಗಾಂಗಗಳನ್ನೆಲ್ಲ ವಿವರಿಸುವ ಒಂದು ಕಡತವಿರುತ್ತದೆ, ಡಿವೈಸ್ ಟ್ರೀ ಎನ್ನುತ್ತಾರೆ. ಯಾವ ಸ್ಲಾಟಿಗೆ ಯಾವ ರೆಗ್ಯುಲೇಟರು, ಎಷ್ಟು ವೋಲ್ಟು, ಯಾವ ತಂತಿಯಿಂದ ಆರಿಸುವುದು, ಆರಿಸಿದ ಮೇಲೆ ಎಷ್ಟು ಹೊತ್ತು ಕಾಯುವುದು ಎಲ್ಲವೂ ಅದರಲ್ಲಿ ಇರಬೇಕು. ಯುವಕ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಗೆಳೆಯನ ನೆರವಿನಿಂದ ಆ ಕಡತವನ್ನು ಬಿಡಿಸಿ ನೋಡಿದ. ಕಾರ್ಡಿನ ರೆಗ್ಯುಲೇಟರಿನ ವಿವರದೊಳಗೆ 'ರೆಗ್ಯುಲೇಟರ್ ಆಲ್ವೇಸ್ ಆನ್' ಎಂಬ ಒಂದು ಸಾಲಿತ್ತು. ಇದನ್ನು ಎಂದಿಗೂ ಆರಿಸಬೇಡ ಎಂಬ ಆಜ್ಞೆ ಅದು. ಆರಿಸುವ ತಂತಿ ಇತ್ತು, ಆರಿಸುವ ಅನುಮತಿ ಇರಲಿಲ್ಲ.

ಆ ಸಾಲು ಬರೆದ ಎಂಜಿನಿಯರ್ ಅಷ್ಟರಲ್ಲಿ ಕಂಪನಿ ಬಿಟ್ಟು ಬೇರೆಡೆ ಸೇರಿದ್ದರು. ಪರಿಚಯದವರ ಮೂಲಕ ವಿಷಯ ತಲುಪಿದಾಗ ಆಕೆ ನುಣುಚಿಕೊಳ್ಳದೆ ಒಂದು ಪತ್ರ ಬರೆದುಕೊಟ್ಟರು. ಅದರಿಂದ ತಿಳಿದದ್ದು ಇಷ್ಟು. ಆಕೆಗೆ ಅದು ಮೊದಲ ಕೆಲಸ. ಯಂತ್ರದ ಪ್ರದರ್ಶನಕ್ಕೆ ಎರಡು ದಿನ ಉಳಿದಿದ್ದಾಗ ಕೆಲವು ಕಾರ್ಡುಗಳು ಬೋರ್ಡಿನಲ್ಲಿ ಎದ್ದೇಳುತ್ತಿರಲಿಲ್ಲ. ಕಾರಣವನ್ನು ಆಕೆ ಸರಿಯಾಗಿಯೇ ಊಹಿಸಿದ್ದರು: ರೆಗ್ಯುಲೇಟರು ಆರಿದರೂ ಅದರ ಪಕ್ಕದ ಕೆಪಾಸಿಟರಿನಲ್ಲಿ ಉಳಿದ ವಿದ್ಯುತ್ ನಿಧಾನವಾಗಿ ಇಳಿಯುತ್ತದೆ, ವೋಲ್ಟೇಜ್ ಪೂರ್ತಿ ಬೀಳುವ ಮೊದಲೇ ತಂತ್ರಾಂಶ ಮತ್ತೆ ಹೊತ್ತಿಸುತ್ತಿದೆ, ಅರ್ಧಮರ್ಧ ಬಿದ್ದ ಕಾರ್ಡು ಗೊಂದಲಕ್ಕೀಡಾಗುತ್ತಿದೆ. ಸರಿಯಾದ ಮದ್ದು, ಆಸಿಲೋಸ್ಕೋಪ್ ಹಿಡಿದು ಅದು ಬೀಳಲು ಎಷ್ಟು ಮಿಲಿಸೆಕೆಂಡ್ ಬೇಕೆಂದು ಅಳೆದು, ಅಷ್ಟು ಕಾಯುವಂತೆ ಕಡತದಲ್ಲಿ ಬರೆಯುವುದು. ಆಸಿಲೋಸ್ಕೋಪ್ ಆ ದಿನ ಬೇರೊಂದು ತಂಡದ ಬಳಿ ಇತ್ತು. ರೆಗ್ಯುಲೇಟರನ್ನು ಆರಿಸುವುದೇ ಬೇಡವೆಂದು ಒಂದು ಸಾಲು ಬರೆದರೆ ಆ ತೊಂದರೆಯೇ ಹುಟ್ಟುವುದಿಲ್ಲ. ಬರೆದರು. ಎಲ್ಲ ಕಾರ್ಡುಗಳೂ ಎದ್ದವು. ಪಕ್ಕದಲ್ಲಿ, 'ತಾತ್ಕಾಲಿಕ, ಅಳೆದು ಸರಿಪಡಿಸಬೇಕು' ಎಂದು ಟಿಪ್ಪಣಿಯನ್ನೂ ಬರೆದರು.

ಆ ಟಿಪ್ಪಣಿಯನ್ನು ತಂಡದ ಹಿರಿಯರೊಬ್ಬರು ಓದಿದ್ದರು. ಕಡತಕ್ಕೆ ಒಪ್ಪಿಗೆ ಹಾಕಿದ್ದು ಅವರೇ. ಪ್ರದರ್ಶನ ಚೆನ್ನಾಗಿ ಆಯಿತು, ಆರ್ಡರು ಬಂತು, ತಂಡ ಮುಂದಿನ ಕೆಲಸಕ್ಕೆ ಹೋಯಿತು. ಮರುಚಾಲನೆಯ ಪರೀಕ್ಷೆಯನ್ನು ಮಾಡಿದ್ದು ನಿಜ, ಆದರೆ ಕಚೇರಿಯ ಡ್ರಾಯರಿನಲ್ಲಿದ್ದ ಹಳೆಯ ನಿಧಾನದ ಕಾರ್ಡುಗಳಿಂದ. ಅವು 1.8ಕ್ಕೆ ಇಳಿಯುವ ಜಾತಿಯವೇ ಅಲ್ಲ. ಡೇರಿಗಳಿಗೆ ಹೋದವು ಅಂಗಡಿಯಿಂದ ಹೊಸದಾಗಿ ಕೊಂಡ ವೇಗದ ಕಾರ್ಡುಗಳು. ಇದರಲ್ಲಿ ನನಗೆ ಅತಿ ಕಹಿಯಾಗಿ ತೋರುವ ಅಂಶ ಬೇರೆಯೇ ಇದೆ. ಒಂದು ಹೊತ್ತಿಗೆ ಎಂಬತ್ತು ಸಾಲು ಬರೆಯುವ ಪೆಟ್ಟಿಗೆಗೆ ಸೆಕೆಂಡಿಗೆ 104 ಮೆಗಾಬೈಟಿನ ವೇಗ ಯಾತಕ್ಕೆ ಬೇಕಿತ್ತು? 1.8 ವೋಲ್ಟಿನ ಗೊಡವೆಯೇ ಬೇಡ ಎಂದು ಇನ್ನೊಂದು ಸಾಲು ಬರೆದು ಹಳೆಯ ವೇಗದಲ್ಲೇ ಇರಿಸಿದ್ದರೂ ಹಾಲಿನ ಲೆಕ್ಕಕ್ಕೆ ಕೂದಲೆಳೆಯ ವ್ಯತ್ಯಾಸವಾಗುತ್ತಿರಲಿಲ್ಲ. ಬೋರ್ಡಿಗೆ ಸಾಮರ್ಥ್ಯವಿದೆ, ಇರಲಿ ಎಂದು ಬಿಟ್ಟಿದ್ದರು. ಅಗತ್ಯವಿಲ್ಲದ ವೇಗದ ಬೆಲೆಯನ್ನು ಆ ವೇಗದ ಹೆಸರೂ ಕೇಳದ ಮನುಷ್ಯನೊಬ್ಬ ತೆತ್ತ.

ಮುಗಿದದ್ದು ಹೀಗೆ. ಯುವಕನ ಪ್ರಯೋಗವನ್ನು ವಿಚಾರಣೆಯ ಅಧಿಕಾರಿ ಕಣ್ಣಾರೆ ನೋಡಿದರು. ಹಾಲು ಹಾಕುವ ಹೆಂಗಸೊಬ್ಬರು ಚೀಟಿ ಮಾಸುತ್ತದೆಂದು ತಿಳಿದು ಪ್ರತಿ ಹೊತ್ತಿನ ಅಳತೆ ಮತ್ತು ಫ್ಯಾಟನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಬರೆಸಿಡುತ್ತಿದ್ದರು. ಹದಿನಾಲ್ಕೂ ಹೊತ್ತಿನ ಅಂಕಿ ಅಲ್ಲಿತ್ತು. ಅದನ್ನು ಹಿಡಿದುಕೊಂಡು, ಕಾರ್ಯದರ್ಶಿ ಬರೆದ ಸರಾಸರಿ ಎಷ್ಟು ದೂರ ಹೋಗಿದೆಯೆಂದು ಅಂದಾಜು ಮಾಡಿದರು. ದುರುಪಯೋಗದ ಆರೋಪ ಬಿಟ್ಟುಹೋಯಿತು. ತುಂಬಿದ ಹಣದಲ್ಲಿ ಹೆಂಡತಿಯ ಖಾತೆಯ ಹೆಚ್ಚುವರಿಯನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹಿಂದಿರುಗಿಸಿದರು. ಆಧಾರವಿಲ್ಲದೆ ನಮೂದು ಮಾಡಿದ್ದಕ್ಕೆ ಸೇವಾ ಪುಸ್ತಕದಲ್ಲಿ ಛೀಮಾರಿ ದಾಖಲಾಯಿತು. ಎಂಜಿನಿಯರರ ಪತ್ರ ಮಾತ್ರ ವಿಚಾರಣೆಯ ಕಡತ ಸೇರಲಿಲ್ಲ. ಆಕೆ ಪ್ರಕರಣದ ಕಕ್ಷಿಯಲ್ಲ ಎಂಬುದು ಕೊಟ್ಟ ಕಾರಣ.

ಛೀಮಾರಿ ಸರಿಯೆಂದೇ ನನ್ನ ಅಭಿಪ್ರಾಯ. ಅದಕ್ಕೆ ಕಾರ್ಯದರ್ಶಿಯ ಮನೆಯವರು ನನ್ನ ಮೇಲೆ ಬೇಸರಪಟ್ಟುಕೊಂಡರೂ ಸರಿಯೇ. ಆದರೆ ಅದೇ ತಕ್ಕಡಿಯಲ್ಲಿ ಉಳಿದವರನ್ನೂ ತೂಗಬೇಕು. ಕಾರ್ಯದರ್ಶಿ ಊಹೆಯನ್ನು ಅಳತೆಯ ಜಾಗದಲ್ಲಿ ಕೂರಿಸಿದರು. ಎಂಜಿನಿಯರ್ ಮಾಡಿದ್ದೂ ಅದನ್ನೇ. ಅಳೆಯಬೇಕಾದ ಮಿಲಿಸೆಕೆಂಡಿನ ಜಾಗದಲ್ಲಿ ಒಂದು ಅನುಕೂಲದ ಸಾಲು ಕೂರಿಸಿದರು. ವ್ಯತ್ಯಾಸವೆಂದರೆ ಆಕೆ ತಾತ್ಕಾಲಿಕ ಎಂದು ಪಕ್ಕದಲ್ಲಿ ಬರೆದಿದ್ದರು, ಕಾರ್ಯದರ್ಶಿ ಬರೆಯಲಿಲ್ಲ. ಈ ಒಂದು ಅಂಶದಲ್ಲಿ ಆಕೆಯ ಪ್ರಾಮಾಣಿಕತೆ ಹೆಚ್ಚಿನದು. ಆದರೆ ಆ ಟಿಪ್ಪಣಿಯನ್ನು ಓದಬಲ್ಲವರು ಕಚೇರಿಯೊಳಗೆ ಇದ್ದರು, ಅದರ ಫಲ ಉಣ್ಣುವವರು ಹಳ್ಳಿಯಲ್ಲಿದ್ದರು. ಓದಿ, ಅರ್ಥಮಾಡಿಕೊಂಡು, ಒಪ್ಪಿಗೆ ಹಾಕಿ ಮರೆತ ಹಿರಿಯರನ್ನು ನಾನು ಈ ಸಾಲಿನಲ್ಲಿ ಮೊದಲು ನಿಲ್ಲಿಸುತ್ತೇನೆ. ಗೊತ್ತಿಲ್ಲದೆ ತಪ್ಪಿದವರು ಇದರಲ್ಲಿ ಹಲವರು. ಆ ಸಾಲು ತಾತ್ಕಾಲಿಕವೆಂದು ಗೊತ್ತಿದ್ದೂ ಒಪ್ಪಿಗೆ ಹಾಕಿ ಸುಮ್ಮನಿದ್ದವರು ಅವರೊಬ್ಬರೇ.

ಸರ್ವಿಸಿನ ಹುಡುಗನನ್ನು ಏನೆನ್ನೋಣ? ಅವನಿಗೆ ಕೊಟ್ಟ ಸಮಯ ಮತ್ತು ಸಂಬಳಕ್ಕೆ ಅವನು ಕೊಟ್ಟ ಉತ್ತರ ಕಡಿಮೆಯೇನಲ್ಲ. ಆದರೆ ಅವನ ರಬ್ಬರು ನಮ್ಮೆಲ್ಲರ ಮನೆಯಲ್ಲೂ ಇದೆ. ಮೋಟಾರು ನಿಂತಾಗ ಒಂದು ಏಟು ಹಾಕುತ್ತೇವೆ, ಹೊರಡುತ್ತದೆ. ಕಡತ ಮುಂದೆ ಹೋಗದಿದ್ದಾಗ ಯಾರಿಗೋ ಫೋನು ಮಾಡಿಸುತ್ತೇವೆ, ಹೋಗುತ್ತದೆ. ಯಾಕೆ ನಿಂತಿತ್ತು ಎಂದು ಆಮೇಲೆ ಕೇಳಿದರೆ ಅಧಿಕಪ್ರಸಂಗಿ ಎನ್ನಿಸಿಕೊಳ್ಳಬೇಕಾಗುತ್ತದೆ. ಫಲಿಸಿದ ಉಪಾಯಕ್ಕೆ ನಾವು ಕಾರಣ ಕೇಳುವುದಿಲ್ಲ. ಫಲಿಸದೇ ಹೋದ ದಿನ ಕಾರಣದ ಬದಲು ಆಸಾಮಿಯನ್ನು ಹುಡುಕುತ್ತೇವೆ. ಆಸಾಮಿ ಯಾವಾಗಲೂ ಯಂತ್ರದ ಹತ್ತಿರ ಕುಳಿತವನೇ ಆಗಿರುತ್ತಾನೆ, ಅದನ್ನು ಮಾಡಿದವನಲ್ಲ.

ಇದು ಪಿರಿಯಾಪಟ್ಟಣದ ದೋಷವಷ್ಟೇ ಅಲ್ಲ. ಬ್ರಿಟನ್ನಿನಲ್ಲಿ 1999ರಿಂದ 2015ರ ನಡುವೆ ಹಳ್ಳಿ ಪೇಟೆಗಳ ಅಂಚೆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದ ಆರೋಪದಲ್ಲಿ ಶಿಕ್ಷೆಗೊಳಗಾದರು. ಲೆಕ್ಕದ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸುತ್ತಿತ್ತು. ಕೆಲವರು ಸ್ವಂತ ದುಡ್ಡು ಹಾಕಿ ಕೊರತೆ ತುಂಬಿದ್ದರು, ಕೆಲವರು ಅಂಕಿ ತಿದ್ದಿ ಹೊಂದಿಸಿದ್ದರು. ಆ ತಿದ್ದುಪಡಿಯೇ ಅವರಿಗೆ ಉರುಳಾಯಿತು. 2024ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿಯೇ ಆ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ನಮ್ಮ ಕಾನೂನು ಈ ವಿಷಯದಲ್ಲಿ ಒಂದು ಹೆಜ್ಜೆ ಎಚ್ಚರದ್ದು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು, ಕಂಪ್ಯೂಟರಿನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತೆಂಬ ಪ್ರಮಾಣಪತ್ರ ಕೇಳುತ್ತದೆ. ಒಳ್ಳೆಯದೇ. ಆದರೆ ಇಂಥ ಡೇರಿಯಲ್ಲಿ ಯಂತ್ರದ ಉಸ್ತುವಾರಿ ಯಾರದು? ಕಾರ್ಯದರ್ಶಿಯದು. ಪ್ರಕರಣ ನ್ಯಾಯಾಲಯದವರೆಗೆ ಹೋಗಿದ್ದರೆ, ತನ್ನನ್ನು ಕಳ್ಳನೆಂದು ತೋರಿಸುವ ಪೆಟ್ಟಿಗೆ ಸರಿಯಾಗಿತ್ತೆಂದು ರುಜು ಹಾಕುವ ಸರದಿ ಅವರಿಗೇ ಬರುತ್ತಿತ್ತೋ ಏನೋ.

ಅಂಕಿ ಬರೆಯುವವರು, ಯಂತ್ರ ಕಟ್ಟುವವರು, ತೀರ್ಪು ಕೊಡುವವರು, ಮೂವರಿಗೂ ಸಮಾನವಾದ ಒಂದು ಕರ್ತವ್ಯವಿದೆ. ಇದು ಅಳೆದದ್ದು, ಇದು ಊಹಿಸಿದ್ದು ಎಂದು ಬೇರೆ ಬೇರೆ ತೋರಿಸಬೇಕು. ಊಹೆಯ ಮೇಲೆ ನಡೆಯಬೇಕಾದವರಿಗೆ ಅದು ಕಾಣುವಂತಿರಬೇಕು. ಕ್ಯಾಲೆಂಡರಿನ ಹೆಂಗಸು ನಿಯಮದ ಪ್ರಕಾರ ಮಾನ್ಯವಲ್ಲದ ದಾಖಲೆ ಇಟ್ಟವರು. ಇಡೀ ಪ್ರಕರಣದಲ್ಲಿ ಅಳೆದದ್ದನ್ನು ಅಳೆದಂತೆಯೇ ಬರೆಸಿದವರೂ ಅವರೊಬ್ಬರೇ.

ಕಂಪನಿ ಆಮೇಲೆ ದೋಷವನ್ನು ಸರಿಪಡಿಸಿತು. ರೆಗ್ಯುಲೇಟರನ್ನು ಆರಿಸುವ ತಂತಿಗೆ ಕೆಲಸ ಕೊಟ್ಟು, ಆರಿಸಿದ ಮೇಲೆ ಸಾಕಷ್ಟು ಕಾಯುವಂತೆ ಬರೆದು, ಕಾರ್ಡು ಕಾಣದಿದ್ದರೆ ಹಾಲು ಅಳೆಯುವ ಮೊದಲೇ ಪೆಟ್ಟಿಗೆ ಕೂಗಿಕೊಳ್ಳುವಂತೆ ಮಾಡಿತು. ಒಳ್ಳೆಯ ಕೆಲಸ. ಹೊಸ ತಂತ್ರಾಂಶ ಅದೇ ಪೆಟ್ಟಿಗೆ ಕೊಂಡಿದ್ದ ಬೇರೆ ಡೇರಿಗಳಿಗೂ ಹೋಯಿತು. ಅದರ ಜೊತೆಗಿದ್ದ ಟಿಪ್ಪಣಿಯಲ್ಲಿ ಮೆಮೊರಿ ಕಾರ್ಡಿನ ಹೊಂದಾಣಿಕೆ ಉತ್ತಮಪಡಿಸಲಾಗಿದೆ ಎಂದಷ್ಟೇ ಇತ್ತು. ಹಿಂದಿನ ತಿಂಗಳುಗಳ ಲೆಕ್ಕವನ್ನು ಇನ್ನೊಮ್ಮೆ ನೋಡಿಕೊಳ್ಳಿ ಎಂದು ಆ ಡೇರಿಗಳ ಕಾರ್ಯದರ್ಶಿಗಳಿಗೆ ಯಾರೂ ಹೇಳಲಿಲ್ಲ.